ಲೇನಿಯರ್ ಜಲಾಶಯ: ಬ್ಯಾಸ್ ಮೀನು ಮತ್ತು ಜನಜಂಗುಳಿ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಈಶಾನ್ಯಕ್ಕೆ, ಚಟ್ಟಹೂಚಿ ಎಂಬ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿಗೆ ಬ್ಯುಫರ್ಡ್ ಎಂದು ಹೆಸರು. 1950ರ ಮಾರ್ಚ್ ತಿಂಗಳಲ್ಲಿ ಅದರ ಕೆಲಸಕ್ಕೆ ಗುದ್ದಲಿ ಬಿತ್ತು. 1956ರ ಫೆಬ್ರವರಿಯಲ್ಲಿ ತೂಬುಗಳನ್ನು ಮುಚ್ಚಿ ನೀರು ನಿಲ್ಲಿಸಲಾಯಿತು. ಕಟ್ಟಿದವರು ಅಮೆರಿಕದ ಸೇನೆಗೆ ಸೇರಿದ ಎಂಜಿನಿಯರುಗಳ ದಳದವರು. ಇಂದಿಗೂ ಅದರ ಒಡೆತನ, ಉಸ್ತುವಾರಿ ಅವರದೇ. ಪ್ರವಾಹವನ್ನು ತಡೆಯುವುದು, ವಿದ್ಯುತ್ತನ್ನು ಉತ್ಪಾದಿಸುವುದು, ನದಿಯ ಕೆಳಪಾತ್ರದಲ್ಲಿ ನೌಕೆಗಳು ಸಂಚರಿಸಲು ಸಾಕಷ್ಟು ನೀರು ಒದಗಿಸುವುದು, ಇವು ಆ ಯೋಜನೆಯ ಘೋಷಿತ ಉದ್ದೇಶಗಳಾಗಿದ್ದವು. ವೆಚ್ಚದಲ್ಲಿ ಪಾಲು ಕೊಡುವಿರಾ ಎಂಬ ಪ್ರಶ್ನೆ ಬಂದಾಗ ಅಟ್ಲಾಂಟಾದ ಅಂದಿನ ಮೇಯರ್ ವಿಲಿಯಂ ಹಾರ್ಟ್ಸ್‌ಫೀಲ್ಡ್ ಒಪ್ಪಲಿಲ್ಲ. ತಮ್ಮ ನಗರಕ್ಕೆ ನೀರಿನ ಮೂಲಗಳು ಬೇಕಾದಷ್ಟಿವೆ ಎಂಬುದು ಅವರ ವಾದ. ಮುಂದೆ ಅದೇ ನಗರ ಅದೇ ನೀರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತೆಂಬುದನ್ನು ಬಲ್ಲವರಿಗೆ ಈ ಮಾತು ನಗೆ ತರಿಸದಿರದು.

ಹೀಗೆ ಉಂಟಾದ ಜಲರಾಶಿಗೆ ಹತ್ತೊಂಬತ್ತನೆಯ ಶತಮಾನದ ಕವಿ ಸಿಡ್ನಿ ಲೇನಿಯರ್ ಅವರ ಹೆಸರನ್ನಿಟ್ಟರು. ಆತ ಚಟ್ಟಹೂಚಿ ನದಿಯ ಮೇಲೆ ಕವಿತೆ ರಚಿಸಿದ್ದವನು. ಜಲಾಶಯದ ವಿಸ್ತೀರ್ಣ ಸುಮಾರು 38,000 ಎಕರೆ, ಅಂದರೆ ನಮ್ಮ ಕನ್ನಂಬಾಡಿಯ ಹಿನ್ನೀರಿಗಿಂತ ತುಸು ದೊಡ್ಡದು. ಆದರೆ ಅದರ ದಂಡೆಯ ಉದ್ದವನ್ನು ಕೇಳಿದರೆ ಅಚ್ಚರಿಯಾಗುತ್ತದೆ: ಸುಮಾರು 690 ಮೈಲಿ! ಕಣಿವೆ ಕಣಿವೆಗೂ ನೀರು ನುಗ್ಗಿ, ಅಂಗೈಯ ರೇಖೆಗಳಂತೆ ನೂರು ಕವಲುಗಳಾಗಿ ಹರಡಿಕೊಂಡಿದೆ. ಈ ದಂಡೆಗೆ ವರ್ಷವೊಂದಕ್ಕೆ ಒಂದು ಕೋಟಿಗೂ ಮೀರಿದ ಭೇಟಿಗಳು ದಾಖಲಾಗುತ್ತವೆ. ಇಂಥ ಜನಸಾಗರದ ನಡುವೆ ಗಾಳ ಹಿಡಿದು ಕೂರುವವನ ಪಾಡೇನು, ಅವನು ಈ ಜಂಗುಳಿಯೊಡನೆ ಹೇಗೆ ಬಾಳುತ್ತಾನೆ ಎಂಬುದೇ ಈ ಬರಹದ ವಿಷಯ.

ಮೀನನ್ನು ಬಾಯಿಗಿಡದ ಮನೆಯಲ್ಲಿ ಹುಟ್ಟಿ, ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಹೇಳಿದ ನನಗೂ ಈ ವಿಷಯಕ್ಕೂ ಎತ್ತಣ ಸಂಬಂಧವೆಂದು ಓದುಗರು ಕೇಳಬಹುದು. ನನ್ನ ಮಗಳ ಸಂಸಾರ ಈ ಜಲಾಶಯದ ಪಶ್ಚಿಮ ದಂಡೆಗೆ ಸಮೀಪದ ಕಮಿಂಗ್ ಎಂಬ ಊರಿನಲ್ಲಿದೆ. ಅಲ್ಲಿ ಕೆಲವು ತಿಂಗಳು ತಂಗಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರ ಪರಿಚಯವಾಯಿತು. ನನ್ನಂತೆಯೇ ನಿವೃತ್ತರು, ಬ್ಯಾಸ್ ಮೀನಿನ ಮೋಹಿ. ಮಾತಿಗೆ ಕುಳಿತರೆ ಎರಡೇ ವಿಷಯ. ಒಂದು ಮೀನು, ಇನ್ನೊಂದು ‘ಈ ಜನ’. ಮೊದಲನೆಯದನ್ನು ಹೊಗಳಿದಷ್ಟೇ ಹುರುಪಿನಿಂದ ಎರಡನೆಯದನ್ನು ಬೈಯುತ್ತಿದ್ದರು. “ಅಪ್ಪಾ, ಅವರೂ ಆ ಜನದಲ್ಲಿ ಒಬ್ಬರೇ ತಾನೇ?” ಎಂದು ಮಗಳು ಅಡುಗೆಮನೆಯಿಂದಲೇ ನಕ್ಕಿದ್ದಳು. ಆ ಮಾತು ತಲೆಯಲ್ಲಿ ಉಳಿದು ನಾನು ಅಲ್ಲಿನ ಗ್ರಂಥಾಲಯದಲ್ಲಿ ಕುಳಿತು ಓದಿಕೊಂಡದ್ದರ ಫಲ ಇದು.

ಬ್ಯಾಸ್ ಎಂಬುದು ಒಂದೇ ಮೀನಲ್ಲ, ಒಂದು ಬಳಗ. ಅದರಲ್ಲಿ ಅಗಲಬಾಯಿಯದು ಅತ್ಯಂತ ಪ್ರಸಿದ್ಧ. ಅದು ಬೇಟೆಗಾರ ಮೀನು. ಮುಳುಗಿದ ಮರದ ನೆರಳಿನಲ್ಲೋ ಬಂಡೆಯ ಮರೆಯಲ್ಲೋ ಹೊಂಚುಹಾಕಿ ಕುಳಿತು, ಎದುರಿಗೆ ಸುಳಿದ ಸಣ್ಣ ಮೀನಿನ ಮೇಲೆ ಎರಗುತ್ತದೆ. ಸಿಕ್ಕಿಬಿದ್ದರೆ ನೀರಿನಿಂದ ಮೇಲಕ್ಕೆ ಜಿಗಿದು ತಲೆಕೊಡವುತ್ತದೆ. ಅಮೆರಿಕದ ಗಾಳಗಾರರು ಅದನ್ನು ಮೆಚ್ಚುವುದು ರುಚಿಗಲ್ಲ, ಈ ಕೆಚ್ಚಿಗೆ. ಅಗಲಬಾಯಿ ಬ್ಯಾಸಿನ ಅತ್ಯಂತ ಹೆಸರಾಂತ ದಾಖಲೆ ಜಾರ್ಜಿಯಾದ್ದೇ. 1932ರ ಜೂನ್ 2ರಂದು ಜಾರ್ಜ್ ಪೆರ್ರಿ ಎಂಬ ಬಡ ರೈತ ಯುವಕ, ಓಕ್ಮಲ್ಗಿ ನದಿ ತನ್ನ ಹಳೆಯ ಪಾತ್ರವನ್ನು ಬಿಟ್ಟುಹೋದಲ್ಲಿ ಉಳಿದಿದ್ದ ಮಾಂಟ್ಗೊಮರಿ ಎಂಬ ಮಡುವಿನಲ್ಲಿ 22 ಪೌಂಡು 4 ಔನ್ಸು ತೂಗುವ ಮೀನನ್ನು ಹಿಡಿದ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಮೀನನ್ನು ತೂಗಿಸಿದ, ಮನೆಗೆ ಒಯ್ದ, ಮನೆಯವರೆಲ್ಲ ತಿಂದರು. ಆ ದಾಖಲೆಯನ್ನು ಸರಿಗಟ್ಟಲು 2009ರವರೆಗೆ ಕಾಯಬೇಕಾಯಿತು. ಅದೂ ಜಪಾನಿನ ಬಿವಾ ಸರೋವರದಲ್ಲಿ. ಈ ಕಥೆಯಲ್ಲಿ ನನ್ನ ಗಮನ ಸೆಳೆದದ್ದು ಮೀನಿನ ತೂಕವಲ್ಲ. ಆ ಮಡುವಿನಲ್ಲಿ ಅಂದು ಇದ್ದದ್ದು ಒಂದು ದೋಣಿ, ಅದರಲ್ಲಿ ಇಬ್ಬರು ಗೆಳೆಯರು. ಹಿಡಿದದ್ದು ಹೊಟ್ಟೆಗೆ.

ಮುಂದಿನ ಮೂವತ್ತು ವರ್ಷಗಳಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅಣೆಕಟ್ಟುಗಳು ಒಂದರ ಮೇಲೊಂದರಂತೆ ಎದ್ದವು. ನದಿಗಳು ನಿಂತ ನೀರಾದವು. ಹೊಸದಾಗಿ ಮುಳುಗಿದ ಕಾಡು, ಹೊಲ, ಬೇಲಿಗಳು ಬ್ಯಾಸಿಗೆ ಹೇಳಿ ಮಾಡಿಸಿದ ಮನೆಗಳಾದವು. ಯುದ್ಧ ಮುಗಿದು ಕೈಯಲ್ಲಿ ನಾಲ್ಕು ಕಾಸು, ಮನೆಯ ಮುಂದೊಂದು ಕಾರು, ವಾರಕ್ಕೆರಡು ದಿನ ರಜೆ, ಕಂತಿನ ಮೇಲೆ ಮೋಟಾರು ದೋಣಿ, ಇವೆಲ್ಲ ಸಾಮಾನ್ಯ ಸಂಸಾರಕ್ಕೂ ದಕ್ಕಿದ ಕಾಲವದು. ಜನಜಂಗುಳಿ ಹುಟ್ಟಿದ್ದು ಇಲ್ಲಿ. ಅದು ಜಲಾಶಯಕ್ಕೆ ಹೊರಗಿನಿಂದ ಬಂದ ಪಿಡುಗಲ್ಲ, ಜಲಾಶಯದೊಡನೆಯೇ ಹುಟ್ಟಿದ ಅವಳಿ.

ಈ ಜಂಗುಳಿಯನ್ನು ಕಂಡು ಹೌಹಾರದೆ, ಅದಕ್ಕೊಂದು ಕ್ರಮವನ್ನು ಕೊಟ್ಟವನು ಅಲಬಾಮಾದ ಮಾಂಟ್ಗೊಮರಿ ನಗರದ ವಿಮಾ ಏಜೆಂಟ್ ರೇ ಸ್ಕಾಟ್. (ಆತ 2022ರಲ್ಲಿ ತೀರಿಕೊಂಡ.) 1967ರ ಜೂನಿನಲ್ಲಿ ಅರ್ಕಾನ್ಸಾಸ್ ರಾಜ್ಯದ ಬೀವರ್ ಜಲಾಶಯದಲ್ಲಿ ಬ್ಯಾಸ್ ಹಿಡಿಯುವ ಸ್ಪರ್ಧೆಯೊಂದನ್ನು ಏರ್ಪಡಿಸಿದ. ಪ್ರವೇಶ ಶುಲ್ಕ ನೂರು ಡಾಲರ್. ಬಂದವರು 106 ಮಂದಿ. ಮರುವರ್ಷವೇ ಗಾಳಗಾರರ ಸಂಘವನ್ನು ಸ್ಥಾಪಿಸಿದ. ಗಾಳಗಾರರ ಬಾಯಲ್ಲಿ ಮೀನು ಬೆಳೆಯುತ್ತದೆಂಬುದು ಲೋಕಪ್ರಸಿದ್ಧ. ಅಂಥವರನ್ನು ನೂರಾರು ಸಂಖ್ಯೆಯಲ್ಲಿ ಒಂದೇ ನೀರಿಗೆ ಬಿಟ್ಟು, ನ್ಯಾಯವಾಗಿ ತೂಕ ಮಾಡಿ, ಜಗಳವಿಲ್ಲದೆ ಮನೆಗೆ ಕಳಿಸುವುದು ಸಣ್ಣ ಕೆಲಸವಲ್ಲ. ಇಂದಿನ ದೊಡ್ಡ ಸ್ಪರ್ಧೆಗಳಲ್ಲಿ ದೋಣಿಗಳಿಗೆ ಸಂಖ್ಯೆ ಕೊಟ್ಟು ತಂಡ ತಂಡವಾಗಿ ಬಿಡುವ, ಹೊರಟ ಕ್ರಮದಲ್ಲಿಯೇ ಹಿಂತಿರುಗಿಸುವ ಪದ್ಧತಿಯನ್ನು ನೋಡಿದರೆ, ಶಾಲಾ ವಾರ್ಷಿಕೋತ್ಸವಗಳಲ್ಲಿ ಎಂಟುನೂರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ನನ್ನಂಥವನಿಗೆ ಮೆಚ್ಚುಗೆಯಾಗದೆ ಇರದು.

ಆದರೆ ಸ್ಪರ್ಧೆಗಳು ಹೆಚ್ಚಿದಂತೆ ಇನ್ನೊಂದು ಅಪಾಯ ತಲೆದೋರಿತು. ಪ್ರತಿಯೊಬ್ಬನೂ ಹಿಡಿದ ಮೀನನ್ನೆಲ್ಲ ಕೊಂದು ತೂಕಕ್ಕೆ ತಂದರೆ ನೀರಿನಲ್ಲಿ ಉಳಿಯುವುದೇನು? 1972ರಿಂದ ಸ್ಕಾಟ್ ತನ್ನ ಸ್ಪರ್ಧೆಗಳಲ್ಲಿ ಮೀನನ್ನು ಜೀವಸಹಿತ ತರುವವರಿಗೆ ಹೆಚ್ಚಿನ ಅಂಕ ಕೊಟ್ಟು, ತೂಗಿದ ಮೇಲೆ ಮರಳಿ ನೀರಿಗೆ ಬಿಡುವ ಪದ್ಧತಿಯನ್ನು ಬೆಳೆಸಿದ. ದೋಣಿಯೊಳಗೇ ಗಾಳಿಯಾಡುವ ನೀರಿನ ತೊಟ್ಟಿಗಳು ಬಂದವು. ಕಾನೂನು ಹೇಳಿದ್ದಕ್ಕಲ್ಲ, ಹತ್ತು ಜನರೆದುರು ಸತ್ತ ಮೀನನ್ನು ಎತ್ತಿ ತೋರಿಸುವುದು ಮರ್ಯಾದೆಯಲ್ಲವೆಂದು ತೋರಿದ್ದಕ್ಕೆ ಈ ರೂಢಿ ಹಬ್ಬಿತು. ಒಂದೇ ತಲೆಮಾರಿನಲ್ಲಿ ಪೆರ್ರಿಯ ಬಾಣಲೆ ಹಿಂದೆ ಸರಿಯಿತು. ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿ, ಎಳೆದು, ತೂಗಿ, ಮುತ್ತಿಟ್ಟು ಬಿಡುವ ಈ ದಯೆಯಲ್ಲಿ ದಯೆಯೆಷ್ಟು ಎಂಬುದು ನನಗಿನ್ನೂ ಬಗೆಹರಿದಿಲ್ಲ. ಬಿಟ್ಟ ಮೀನುಗಳೆಲ್ಲ ಬದುಕುವುದೂ ಇಲ್ಲ. ಬೇಸಿಗೆಯಲ್ಲಿ ಆಳದಿಂದ ಸರ್ರನೆ ಎಳೆದ ಮೀನಿನ ಒಳಗಿನ ಗಾಳಿಚೀಲ ಉಬ್ಬಿ, ಅದು ಕೆಳಕ್ಕೆ ಇಳಿಯಲಾರದೆ ಹೊಟ್ಟೆ ಮೇಲಾಗಿ ತೇಲುವುದುಂಟು. ಆದರೂ ಇಷ್ಟು ಜನ ಗಾಳ ಹಾಕಿದರೂ ಈ ನೀರು ಬರಿದಾಗದೆ ಉಳಿದದ್ದರಲ್ಲಿ ಆ ರೂಢಿಯ ಪಾಲು ದೊಡ್ಡದೆಂದು ಒಪ್ಪಬೇಕಾಗುತ್ತದೆ.

ಲೇನಿಯರಿಗೆ ಬರೋಣ. ಇಲ್ಲಿ ಅಗಲಬಾಯಿಗಿಂತ ಚುಕ್ಕೆ ಬ್ಯಾಸಿನದೇ ಮೇಲುಗೈ. ಕೌತುಕವೆಂದರೆ ಈ ಚುಕ್ಕೆ ಮೀನು ಚಟ್ಟಹೂಚಿಯ ಮೂಲನಿವಾಸಿಯಲ್ಲ, ಮನುಷ್ಯರ ಕೈಯಿಂದ ಬಂದು ನೆಲೆಯೂರಿದ್ದು. ಈ ನದಿಗೆ ತನ್ನದೇ ಆದ ಇನ್ನೊಂದು ಬ್ಯಾಸ್ ಇತ್ತು. ಕಲ್ಲುಬಂಡೆಗಳ ನಡುವೆ ಧುಮ್ಮಿಕ್ಕುವ ಹರಿವಿನಲ್ಲಷ್ಟೇ ಬಾಳುವ ‘ಶೋಲ್ ಬ್ಯಾಸ್’. ಅಣೆಕಟ್ಟುಗಳು ಹರಿವನ್ನು ನಿಲ್ಲಿಸಿದಲ್ಲೆಲ್ಲ ಅದಕ್ಕೆ ನೆಲೆ ತಪ್ಪಿತು. ವಿಜ್ಞಾನಿಗಳು ಅದನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ ಹೆಸರಿಟ್ಟದ್ದೇ 1999ರಲ್ಲಿ. ಅಷ್ಟರಲ್ಲಿ ಅದರ ಹಳೆಯ ಮನೆಯ ಎಷ್ಟೋ ಭಾಗ ನೀರಿನಡಿಗೆ ಸೇರಿಯಾಗಿತ್ತು.

ಮೇ ತಿಂಗಳ ಕೊನೆಯ ಸೋಮವಾರ, ಜುಲೈ 4, ಸೆಪ್ಟೆಂಬರಿನ ಮೊದಲ ಸೋಮವಾರ, ಈ ಮೂರು ರಜೆಗಳಂದು ಲೇನಿಯರನ್ನು ನೋಡಬೇಕು. ದೋಣಿಯಿಳಿಸುವ ಇಳಿಜಾರಿನಲ್ಲಿ ವಾಹನಗಳ ಸಾಲು. ನೀರಿನ ಮೇಲೆ ತೇಲುಮನೆಗಳು, ಹಾಯಿದೋಣಿಗಳು, ನೀರಿನ ಸ್ಕೂಟರುಗಳು, ಹಿಂದೆ ಹಗ್ಗ ಕಟ್ಟಿ ಮಕ್ಕಳನ್ನು ಎಳೆಯುವ ದೋಣಿಗಳು. ಅಲೆಗೆ ಅಲೆ ಬಡಿದು ನೀರು ಕಡಾಯಿಯಲ್ಲಿ ಕುದಿಯುವಂತೆ ಕಾಣುತ್ತದೆ. ಗಾಳಿಯಿಲ್ಲದ ದಿನದಲ್ಲೂ ಸಮುದ್ರದ ತೆರೆ! ಇದು ಬರಿಯ ಕಿರಿಕಿರಿಯ ಮಾತಲ್ಲ. 2012ರ ಬೇಸಿಗೆಯಲ್ಲಿ ಈ ನೀರಿನ ಮೇಲೆ ಎರಡು ಪ್ರತ್ಯೇಕ ಅಪಘಾತಗಳಲ್ಲಿ ಮೂವರು ಬಾಲಕರು ಸತ್ತರು. ಮರುವರ್ಷ ಜಾರ್ಜಿಯಾದ ಶಾಸನಸಭೆ ಕುಡಿದು ದೋಣಿ ನಡೆಸುವವರ ಮೇಲಿನ ಕಾನೂನನ್ನು ಬಿಗಿಗೊಳಿಸಿ, ರಕ್ತದಲ್ಲಿನ ಮದ್ಯಾಂಶದ ಮಿತಿಯನ್ನು ಕಾರು ನಡೆಸುವವರಿಗಿರುವಂತೆ ಶೇಕಡಾ 0.08ಕ್ಕೆ ಇಳಿಸಿತು. 1998ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಮೋಟಾರು ದೋಣಿ ನಡೆಸಬೇಕಾದರೆ ಸುರಕ್ಷತಾ ಪಾಠ ಮುಗಿಸಿರಬೇಕೆಂಬ ನಿಯಮವೂ ಬಂತು. ನೂರಡಿಯ ನಿಯಮವೆಂಬುದೂ ಉಂಟು: ಲಂಗರು ಹಾಕಿದ ದೋಣಿ, ಕಟ್ಟೆ, ಈಜುವವರು ಮುಂತಾದವರಿಂದ ನೂರು ಅಡಿಯೊಳಗೆ ಬಂದಾಗ ವೇಗವನ್ನು ತೀರಾ ತಗ್ಗಿಸಬೇಕು. ನೆರೆಮನೆಯ ಹಿರಿಯರ ಅಳತೆಯಲ್ಲಿ ಹಬ್ಬದ ದಿನದ ನೂರು ಅಡಿ ಎಂದರೆ ಮೂವತ್ತು ಅಡಿ.

ಇದಕ್ಕೆ ಗಾಳಗಾರರು ಕಂಡುಕೊಂಡ ಉಪಾಯಗಳನ್ನು ನಾನು ಆಸಕ್ತಿಯಿಂದ ಕೇಳಿಸಿಕೊಂಡೆ. ಬೇಸಿಗೆಯಲ್ಲಿ ಅವರು ಹಗಲನ್ನೇ ಬಿಟ್ಟುಕೊಟ್ಟುಬಿಡುತ್ತಾರೆ. ಸೂರ್ಯ ಮುಳುಗಿ, ಮೋಜಿನ ದೋಣಿಗಳು ದಡ ಸೇರಿದ ಮೇಲೆ ನೀರಿಗಿಳಿದು ಕಲ್ಲುದಂಡೆಗಳ ಉದ್ದಕ್ಕೂ ಕತ್ತಲೆಯಲ್ಲಿ ಗಾಳ ಬೀಸುವುದು ಇಲ್ಲಿಯ ಹಳೆಯ ಸಂಪ್ರದಾಯ. ಇಲ್ಲವೇ ಕೋಳಿ ಕೂಗುವ ಮುನ್ನ ಹೊರಟು ಒಂಬತ್ತು ಗಂಟೆಗೆ ಮನೆ. ಹಗಲಿನಲ್ಲೇ ಹೋಗಬೇಕಾದವರು ನದಿಯ ಮೇಲ್ಭಾಗದ ಇಕ್ಕಟ್ಟಾದ ಕವಲುಗಳಿಗೆ, ದೊಡ್ಡ ದೋಣಿ ತಿರುಗಲಾರದ ಕಡೆಗೆ ಸರಿಯುತ್ತಾರೆ. ಇನ್ನು ಕೆಲವರು ಜನಜಂಗುಳಿಯನ್ನೇ ದುಡಿಸಿಕೊಳ್ಳುತ್ತಾರೆ! ದೋಣಿಗಳ ಅಲೆ ಕೆಮ್ಮಣ್ಣಿನ ದಂಡೆಗೆ ಬಡಿದು ನೀರು ಕದಡಿದಾಗ, ಕದಡಿದ ನೀರಿಗೂ ತಿಳಿನೀರಿಗೂ ನಡುವೆ ಒಂದು ಗೆರೆ ಏಳುತ್ತದೆ. ಆ ಮಬ್ಬಿನ ಅಂಚಿನಲ್ಲಿ ಬ್ಯಾಸ್ ಬೇಟೆಗೆ ನಿಲ್ಲುತ್ತದೆಯೆಂಬುದು ಅವರ ಅನುಭವ. ಹಳೆಯ ಮರಗಳು ಈ ಜಲಾಶಯದ ಆಳದಲ್ಲಿ ಇಂದಿಗೂ ನಿಂತೇ ಇವೆ. ಮೇಲೆ ಎಷ್ಟು ಗದ್ದಲವಾದರೂ ಆ ಮುಳುಗಿದ ಕಾಡಿನ ನೆತ್ತಿಯ ಮೇಲೆ ಮೀನು ನೆಮ್ಮದಿಯಾಗಿರುತ್ತದಂತೆ. 2010 ಮತ್ತು 2012ರಲ್ಲಿ ಫಾರೆಸ್ಟ್ ವುಡ್ ಕಪ್ ಎಂಬ ಭಾರಿ ಸ್ಪರ್ಧೆ ಇಲ್ಲಿಯೇ, ಅದೂ ಬಿರುಬೇಸಿಗೆಯ ಆಗಸ್ಟಿನಲ್ಲಿ ನಡೆಯಿತು. 2010ರ ವಿಜೇತ ಕೆವಿನ್ ಹಾಕ್ ಗಳಿಸಿದ ಬಹುಮಾನ ಆರು ಲಕ್ಷ ಡಾಲರ್.

ದಂಡೆಯ ಒಡೆತನದ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ನೀರಿನಂಚಿನ ಭೂಮಿ ಸರ್ಕಾರದ್ದು, ಅಂದರೆ ಸಾರ್ವಜನಿಕರದ್ದು. ಅದರ ಹಿಂದೆ ಭವ್ಯ ಮನೆಗಳನ್ನು ಕಟ್ಟಿಕೊಂಡವರು ಪರವಾನಗಿ ಪಡೆದು ಖಾಸಗಿ ದೋಣಿಕಟ್ಟೆಗಳನ್ನು ತೇಲಿಬಿಟ್ಟಿದ್ದಾರೆ. ಅವು ಬೆಳೆಯುತ್ತಾ ಹೋದಾಗ ಎಂಜಿನಿಯರುಗಳ ದಳ 2004ರಲ್ಲಿ ದಂಡೆಯ ನಿರ್ವಹಣೆಯ ಯೋಜನೆಯೊಂದನ್ನು ಹೊರಡಿಸಿ, ಕಟ್ಟೆಗಳ ಒಟ್ಟು ಸಂಖ್ಯೆಗೆ ಹತ್ತು ಸಾವಿರದ ಚಿಲ್ಲರೆಯ ಮಿತಿಯನ್ನು ಹಾಕಿತು. ಕಟ್ಟೆ ಖಾಸಗಿಯಾದರೂ ಕೆಳಗಿನ ನೀರು ಖಾಸಗಿಯಲ್ಲ. ಬ್ಯಾಸ್ ನೆರಳನ್ನು ಹುಡುಕಿ ಆ ಕಟ್ಟೆಗಳ ಕೆಳಗೇ ಸೇರುವುದರಿಂದ, ಗಾಳಗಾರನೂ ಅಲ್ಲಿಗೇ ಬರುತ್ತಾನೆ. ಮನೆಯೊಡೆಯ ಮೇಲಿನಿಂದ ದುರುಗುಟ್ಟಿ ನೋಡುತ್ತಾನೆ. ಇಬ್ಬರಿಗೂ ಮತ್ತೊಬ್ಬನೇ ‘ಜನಜಂಗುಳಿ’.

2007ರ ಬರದಲ್ಲಿ ಈ ನೀರಿನ ಬೆಲೆ ಎಲ್ಲರಿಗೂ ತಿಳಿಯಿತು. ಸಮುದ್ರಮಟ್ಟದಿಂದ 1,071 ಅಡಿ ಇರಬೇಕಾದ ಜಲಮಟ್ಟ ಡಿಸೆಂಬರ್ ಕೊನೆಗೆ 1,051 ಅಡಿಗೂ ಕೆಳಗಿಳಿಯಿತು. ಆ ನವೆಂಬರಿನಲ್ಲಿ ರಾಜ್ಯಪಾಲ ಸನ್ನಿ ಪರ್ಡ್ಯೂ ಶಾಸನಭವನದ ಮುಂದೆ ಮಳೆಗಾಗಿ ಸಾಮೂಹಿಕ ಪ್ರಾರ್ಥನೆ ನಡೆಸಿದರು. (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರಾದವರು, ನಮ್ಮ ಮುಖ್ಯಮಂತ್ರಿಯ ಸ್ಥಾನದವರು.) ದೋಣಿಯಿಳಿಸುವ ಇಳಿಜಾರುಗಳು ಒಣನೆಲದಲ್ಲಿ ಕೊನೆಗೊಂಡವು, ಉಳಿದ ಕೆಲವಕ್ಕೆ ಎಲ್ಲರೂ ಮುಗಿಬಿದ್ದರು. ಗೇನ್ಸ್‌ವಿಲ್ ಬಳಿ ಐವತ್ತು ವರ್ಷ ಮುಳುಗಿದ್ದ ಲೂಪರ್ ಎಂಬ ಕಾರು ಪಂದ್ಯದ ಮೈದಾನದ ಕಾಂಕ್ರೀಟ್ ಮೆಟ್ಟಿಲುಗಳು ಮೇಲೆದ್ದವು. ಬರಗಾಲದಲ್ಲಿ ಕನ್ನಂಬಾಡಿಯ ನೀರಿನಿಂದ ವೇಣುಗೋಪಾಲಸ್ವಾಮಿಯ ಗುಡಿ ಮೇಲೆದ್ದುದನ್ನು ಕಂಡ ನಮ್ಮ ಕಡೆಯವರಿಗೆ ಆ ನೋಟದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ವ್ಯಾಜ್ಯವೂ ನಮಗೆ ಪರಿಚಿತವಾದದ್ದೇ. ಜಾರ್ಜಿಯಾ, ಅಲಬಾಮಾ, ಫ್ಲಾರಿಡಾ ರಾಜ್ಯಗಳು 1990ರಿಂದ ಬಡಿದಾಡಿದವು. ಕುಡಿಯುವ ನೀರು ಕೊಡುವುದು ಈ ಅಣೆಕಟ್ಟಿನ ಮೂಲ ಉದ್ದೇಶಗಳಲ್ಲಿಲ್ಲವೆಂದು 2009ರಲ್ಲಿ ಒಬ್ಬ ನ್ಯಾಯಾಧೀಶರು ತೀರ್ಪಿತ್ತರು. ಹಾರ್ಟ್ಸ್‌ಫೀಲ್ಡರ ಹಳೆಯ ಮಾತು ಆಗ ನಗರಕ್ಕೆ ಮುಳುವಾಗಿ ನಿಂತಿತು. 2011ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು.

ಈ ನೀರಿನಡಿಯಲ್ಲಿ ಏನಿದೆ ಎಂಬುದರ ಬಗ್ಗೆ ಅಲ್ಲಿ ಹಬ್ಬಿರುವ ದೆವ್ವದ ಕಥೆಗಳಿಗೆ ಲೆಕ್ಕವಿಲ್ಲ. ಕರಿಯರ ಊರೊಂದನ್ನು ಇದ್ದಕ್ಕಿದ್ದಂತೆ ಮುಳುಗಿಸಿದರೆಂದೂ, ಅವರ ಆತ್ಮಗಳು ಈಜುವವರ ಕಾಲೆಳೆಯುತ್ತವೆಂದೂ ಜನ ರೋಚಕವಾಗಿ ಹೇಳುತ್ತಾರೆ. ನಡೆದದ್ದು ಅದಕ್ಕಿಂತ ಘೋರ, ಮತ್ತು ನೀರು ಬರುವುದಕ್ಕೆ ಬಹಳ ಹಿಂದೆಯೇ ನಡೆದದ್ದು. 1912ರ ಸೆಪ್ಟೆಂಬರಿನಲ್ಲಿ, ಜಲಾಶಯದ ಪಶ್ಚಿಮ ದಂಡೆ ಇಂದು ಸೇರಿರುವ ಫೋರ್ಸೈತ್ ಕೌಂಟಿಯಲ್ಲಿ, ಆಸ್ಕರ್‌ವಿಲ್ ಬಳಿ ಬಿಳಿಯ ತರುಣಿಯೊಬ್ಬಳ ಕೊಲೆಯಾಯಿತು. ಬಂಧಿತನಾದ ರಾಬ್ ಎಡ್ವರ್ಡ್ಸ್ ಎಂಬ ಕರಿಯನನ್ನು ದೊಂಬಿ ಸೆರೆಮನೆಯಿಂದ ಎಳೆತಂದು ಕೊಂದಿತು. ಮುಂದಿನ ತಿಂಗಳು ಇಬ್ಬರು ಹದಿಹರೆಯದ ಹುಡುಗರನ್ನು ವಿಚಾರಣೆಯ ಶಾಸ್ತ್ರ ಮುಗಿಸಿ ಗಲ್ಲಿಗೇರಿಸಲಾಯಿತು. ಅದನ್ನು ನೋಡಲು ಸಾವಿರಾರು ಜನ ಸೇರಿದ್ದರು. ಬಳಿಕ ರಾತ್ರಿ ಸವಾರರು ಮನೆಗಳಿಗೂ ಚರ್ಚುಗಳಿಗೂ ಬೆಂಕಿಯಿಟ್ಟು, ಕೌಂಟಿಯಲ್ಲಿದ್ದ ಸುಮಾರು 1,100 ಕರಿಯರನ್ನು ಹೆಚ್ಚುಕಡಮೆ ಒಬ್ಬರನ್ನೂ ಉಳಿಸದೆ ಓಡಿಸಿದರು. ಎಷ್ಟೋ ಜನರ ಹೊಲಮನೆಗಳು ಕಂಡವರ ಪಾಲಾದವು. ನಲವತ್ತು ವರ್ಷಗಳ ತರುವಾಯ ಸರ್ಕಾರ ಈ ಜಲಾಶಯಕ್ಕಾಗಿ ಐವತ್ತು ಸಾವಿರ ಎಕರೆಗೂ ಮಿಕ್ಕಿದ ಭೂಮಿಯನ್ನು ಕೊಂಡಾಗ, ನೂರಾರು ಕುಟುಂಬಗಳು ಪರಿಹಾರ ಪಡೆದು ನೆಲ ಬಿಟ್ಟವು. ಓಡಿಸಲ್ಪಟ್ಟವರು ಆ ಸಾಲಿನಲ್ಲಿ ನಿಲ್ಲಲು ಅಲ್ಲಿರಲಿಲ್ಲ.

ನೆರೆಯ ಅಲ್ಲಟೂನಾ ಜಲಾಶಯದ ಚರಿತ್ರೆಯನ್ನು ಓದುವಾಗ ಇನ್ನೊಂದು ಸಂಗತಿ ತಿಳಿಯಿತು. 1950ರಲ್ಲಿ ಅಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರಿನ ಉದ್ಯಾನವೊಂದನ್ನು ಕರಿಯರಿಗೆಂದೇ ತೆರೆದರು. ಜಾರ್ಜಿಯಾದಲ್ಲಿ ಅವರಿಗಾಗಿ ತೆರೆದ ಮೊದಲ ರಾಜ್ಯ ಉದ್ಯಾನವದು. ಅದಕ್ಕೆ ಮುನ್ನ ಅವರಿಗೆ ಇಂಥ ನೀರಿನ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂರಲು ರಾಜ್ಯ ಒದಗಿಸಿದ ತಾಣವೇ ಇರಲಿಲ್ಲ. ಜಂಗುಳಿಯಲ್ಲಿ ಒಬ್ಬನಾಗುವುದೂ ಒಂದು ಹಕ್ಕು ಎಂಬುದು ಆ ಹಕ್ಕಿಲ್ಲದವನಿಗೆ ಮಾತ್ರ ಗೊತ್ತಿರುತ್ತದೆ.

ಫೋರ್ಸೈತಿನಲ್ಲಿ ಆ ಸ್ಥಿತಿ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. 1987ರ ಜನವರಿ 17ರಂದು, ಮಾರ್ಟಿನ್ ಲೂಥರ್ ಕಿಂಗರ ಸಂಗಡಿಗ ಹೋಸಿಯಾ ವಿಲಿಯಮ್ಸ್ ಮತ್ತು ಕೆಲವರು ಅಲ್ಲಿ ಶಾಂತಿಯಾತ್ರೆ ಹೊರಟಾಗ ಕಲ್ಲು, ಸೀಸೆಗಳು ಬಿದ್ದವು. ಒಂದು ವಾರದ ನಂತರ, ಜನವರಿ 24ರಂದು, ಸುಮಾರು ಇಪ್ಪತ್ತು ಸಾವಿರ ಜನ ಕಮಿಂಗ್ ಊರಿನ ಬೀದಿಗಳಲ್ಲಿ ನಡೆದರು. 2021ರ ಜನವರಿಯಲ್ಲಿ ಅದೇ ಊರಿನ ನಡುವೆ ರಾಬ್ ಎಡ್ವರ್ಡ್ಸನ ಕೊಲೆಯನ್ನು ದಾಖಲಿಸುವ ಫಲಕವೊಂದನ್ನು ನಿಲ್ಲಿಸಲಾಗಿದೆ. ನಾನು ನಿಂತು ಅದನ್ನು ಎರಡು ಬಾರಿ ಓದಿದೆ. ಈಗ ಆ ಕೌಂಟಿಯಲ್ಲಿ ಭಾರತೀಯರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಭಾನುವಾರ ದಂಡೆಯ ಉದ್ಯಾನಗಳಲ್ಲಿ ತೆಲುಗು, ಸ್ಪ್ಯಾನಿಷ್, ಇಂಗ್ಲಿಷಿನ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಪುಳಿಯೋಗರೆಯ ಡಬ್ಬಿ ತೆರೆದ ವಾಸನೆಯೂ ಬರುತ್ತದೆ. ನೆರೆಮನೆಯ ಹಿರಿಯರು ಬೈಯುತ್ತಿದ್ದ ಜನಜಂಗುಳಿಯಲ್ಲಿ ನಾವೂ ಸೇರಿದ್ದೆವು.

1912ರ ವಿಷಯ ನಿಮಗೆ ಮೊದಲೇ ತಿಳಿದಿತ್ತೇ ಎಂದು ನಾನು ಅವರನ್ನು ಕೇಳಿದೆ. ತಾನು ಶಾಲೆಯಲ್ಲಿದ್ದಾಗ ಯಾರೂ ಹೇಳಿರಲಿಲ್ಲವೆಂದೂ, ತಿಳಿದದ್ದು 1987ರಲ್ಲಿ ಟೆಲಿವಿಷನ್ ನೋಡಿಯೆಂದೂ ಹೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ ಮಾತು ಮೀನಿನ ಕಡೆಗೇ ಹೊರಳಿತು. ಲೇನಿಯರನ್ನು ನಿಜವಾಗಿ ನೋಡಬೇಕಾದರೆ ಜನವರಿಯಲ್ಲಿ ಬರಬೇಕಂತೆ. ಆಗ ನೀರಿನ ಮೇಲೆ ಮಂಜು, ಕೈ ಮರಗಟ್ಟುವ ಚಳಿ, ಮೈಲಿಗಟ್ಟಲೆ ಒಂದು ದೋಣಿಯಿಲ್ಲ. ಚುಕ್ಕೆ ಬ್ಯಾಸ್ ಆಳಕ್ಕಿಳಿದು ಮುಳುಗಿದ ಮರಗಳ ನಡುವೆ ಗುಂಪುಗೂಡಿರುತ್ತದೆ. ನನ್ನನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿದರು. ನನ್ನ ವಾಪಸು ಟಿಕೆಟು ಅಕ್ಟೋಬರಿಗಿತ್ತು.